ಚಿಹ್ನೆ ಕಾಣವಲ್ದು!

(2022ರ ಮಳಿಗಾಲ. ಬೆಳಗಾವಿಯ ಶಿವಬಸವ ನಗರದ ಚಹಾದಂಗಡಿ. ಮುಂದ ರಸ್ತಾದಾಗ ನೀರು ತುಂಬಿದ ತೆಗ್ಗು.)

ಬಸ್ಯಾ: ಕಾಕಾ, ಮಹಾನಗರ ಪಾಲಿಕಿಗೆ ವೋಟ್ ಹಾಕಿದ್ರೇನ್ರೀ?

ಕಾಕಾ: ಹಾಕೀನಪಾ, ಹೋದ ವರ್ಷ ಸೆಪ್ಟೆಂಬರ್ 3ಕ್ಕ. ನೀ?

ಬಸ್ಯಾ: ಅವತ್ತ ಸೂಟಿ ಇತ್ತಲ್ರೀ, ಅಂಬೋಲಿಗೆ ಹೋಗಿದ್ದೆ. ಊರಾಗ ಹತ್ರ ಹತ್ರ ಅರ್ಧಾ ಮಂದಿ ನನ್ನಂಗ ಶಾಣ್ಯಾರು!

ಕಾಕಾ: ಈಗ್ಯಾಕ ನೆನಪಾತು?

ಬಸ್ಯಾ: ಈ ತೆಗ್ಗಿನಾಗ ಗಾಡಿ ಸಮೇತ ಬಿದ್ದೆ. ಮೇಯರ್‌ಗೆ ಅರ್ಜಿ ಕೊಡಬೇಕ್ರೀ.

ಕಾಕಾ: ಯಾವ ಮೇಯರೋ? 58 ಮಂದಿ ಆರಿಸಿ ಬಂದಾರ, ಕುರ್ಚಿ ಖಾಲಿನ ಐತಿ.

ಬಸ್ಯಾ: ಮೊದಲನೇ ಸಲ ಪಕ್ಷದ ಚಿಹ್ನೆ ಮ್ಯಾಲ ಚುನಾವಣಿ ಆತು ಅಂದ್ರು?

ಕಾಕಾ: ಚಿಹ್ನೆ ಬಂತಪಾ. ಮೇಯರ್ ಬರೂ ಚಿಹ್ನೆನ ಕಾಣವಲ್ದು!

ಬಸ್ಯಾ: ಹಂಗಾರ ಆರಿಸಿ ಬಂದವ್ರು ಏನ್ ಮಾಡ್ತಾರ್ರೀ?

ಕಾಕಾ: ಬರ್ತ್‌ಡೇ ಬ್ಯಾನರ್ ಹಚ್ಚತಾರ. ಅದರ ಕಂಬಕ್ಕ ಮತ್ತೊಂದು ತೆಗ್ಗು!

ಬಸ್ಯಾ: ಮುಂದಿನ ಸಲ ನಾನೂ ವೋಟ್ ಹಾಕ್ತೀನ್ರೀ.

ಕಾಕಾ: ಹಾಕು. ಅಲ್ಲೀತನಕಾ ತೆಗ್ಗು ಕಾಯ್ಕೊಂತ ಇರತೈತಿ.

(ಬೆಳಗಾವಿಗೆ ಮೇಯರ್ ಸಿಕ್ಕಿದ್ದು 2023ರ ಫೆಬ್ರುವರಿ 6ಕ್ಕೆ, ಮತದಾನವಾಗಿ 17 ತಿಂಗಳ ಮೇಲೆ.)