ಎರಡನೇ ಲೋಡಿನವನ ಪಾಡು

ಸಿರುಗುಪ್ಪ ತಾಲ್ಲೂಕಿನ ಕರೂರು ಸೀಮೆಯಲ್ಲಿ ಭತ್ತಕ್ಕೆ ಎರಡು ಲೆಕ್ಕ. ವ್ಯಾಪಾರಿ ದರ ಹೇಳುವುದು 75 ಕೆ.ಜಿ. ಚೀಲಕ್ಕೆ, ಸರ್ಕಾರ ಬೆಂಬಲ ಬೆಲೆ ಸಾರುವುದು ಕ್ವಿಂಟಲಿಗೆ. ರೈತನಿಗೆ ಎರಡೂ ಬಾಯಿಪಾಠ. ಈ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದೆವು ಎಂದುಕೊಳ್ಳಿ. ಜಾಣ ಪ್ರೋಗ್ರಾಮರ್ ಒಬ್ಬ ಲೈಬ್ರರಿ ಬರೆಯುತ್ತಾನೆ: ತೂಕ ಕೊಡಿ, ದರ ಕೊಡಿ, ಬಿಲ್ಲು ತಗೊಳ್ಳಿ. ಚೀಲವೋ ಕ್ವಿಂಟಲೋ ಎಂದು ಪ್ರತಿ ಸಲ ಕೇಳಿ ಪೀಡಿಸುವುದಿಲ್ಲ. ಒಮ್ಮೆ ಹೇಳಿದರೆ ನೆನಪಿಟ್ಟುಕೊಳ್ಳುತ್ತದೆ. ಇದಕ್ಕೆ ‘ಬಳಕೆದಾರ ಸ್ನೇಹಿ’ ಎಂದು ಹೆಸರು.

ಮೊದಲ ಲೋಡಿನವನು ಕ್ವಿಂಟಲ್ ಎಂದು ಒತ್ತಿಸಿ ಹೋದ. ಎರಡನೆಯವನದು ಮೂರು ಸಾವಿರ ಕಿಲೋ, ಚೀಲಕ್ಕೆ 1,600 ರೂಪಾಯಿಯಂತೆ ಮಾತಾಗಿದೆ. 40 ಚೀಲಕ್ಕೆ 64,000 ಬರಬೇಕು. ಲೈಬ್ರರಿ ಹಿಂದಿನವನ 100ರಿಂದಲೇ ಭಾಗಿಸಿ 48,000 ಎನ್ನುತ್ತದೆ.

“ಕಡಿಮಿ ಬಂತಲ್ರಿ ಸಾವ್ಕಾರ್ರ?”

“ಕಂಪ್ಯೂಟರ್ ಹೇಳೈತಪ್ಪ, ನಾನೇನ್ ಮಾಡ್ಲಿ?”

ಇದೇ ದೋಷ ತಿರುವುಮುರುವಾಗಲಿ. ಚೀಲದ 75 ಹಾಗೇ ಉಳಿದು, ಸಾಮಾನ್ಯ ಭತ್ತಕ್ಕೆ 2025–26ರ ಬೆಂಬಲ ಬೆಲೆ 2,369 ರೂಪಾಯಿ ಅದಕ್ಕೆ ಜೋಡಿಯಾದರೆ, ಅಷ್ಟೇ ಭತ್ತಕ್ಕೆ 71,070ರ ಬದಲು 94,760. ಆಗ ನೋಡಿ ಚುರುಕು! ಸಂಜೆಯೊಳಗೆ ಪತ್ತೆ, ಮರುದಿನ ನೋಟಿಸು, ಮೂರನೇ ದಿನ ವಸೂಲಿ. ದುಡ್ಡು ಯಾರ ಜೇಬಿನಿಂದ ಹೋಯಿತೆಂದು ನೋಡಿಕೊಂಡೇ ದೋಷ ಬಯಲಿಗೆ ಬರುತ್ತದೆ.

ಕರೂರಿನ ಕಟ್ಟುಕಥೆ ಎಂದು ನಗಬೇಡಿ. ಘಟಾನುಘಟಿ ಲೈಬ್ರರಿಗಳ ಜಾತಕವೂ ಇದೇ. ಸಿ ಭಾಷೆಯ 1989ರ ಸ್ಟ್ಯಾಂಡರ್ಡಿನಲ್ಲೇ, ಅಂಕಿ ಬರೆಯುವ ದೇಶವಾರು ಪದ್ಧತಿಯನ್ನು ಇಡೀ ಪ್ರೋಗ್ರಾಮಿಗೆ ಗೊತ್ತುಮಾಡುವ ‘ಸೆಟ್‌ಲೊಕೇಲ್’ ಇದೆ. ಪ್ರೋಗ್ರಾಮಿನ ಯಾವುದೋ ಮೂಲೆಯ ಕೋಡು ತನ್ನ ಅನುಕೂಲಕ್ಕೆ ಜರ್ಮನ್ ಪದ್ಧತಿ ಹಾಕಿತೆನ್ನಿ. ಜರ್ಮನರ ದಶಮಾಂಶಕ್ಕೆ ಬಿಂದುವಲ್ಲ, ಅಲ್ಪವಿರಾಮ. ಆಮೇಲೆ 3.14 ಓದಹೊರಟ ಬೇರೆ ಕೋಡು ಬಿಂದುವಿನ ಹತ್ತಿರ ಮುಗ್ಗರಿಸಿ 3 ಎಂದು ಕೈಮುಗಿಯುತ್ತದೆ. ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಥ್ರೆಡ್ಡುಗಳಿಗೆ ಒಂದೊಂದು ಸೆಟ್ಟಿಂಗು ಎಂಬ ಪರಿಹಾರ ಪಾಸಿಕ್ಸ್ ಸ್ಟ್ಯಾಂಡರ್ಡಿಗೆ ಬಂದದ್ದು 2008ರಲ್ಲಿ. ಪಿಎಚ್‌ಪಿ ಭಾಷೆಯ ಕೈಪಿಡಿಯಂತೂ ‘ಈ ಸೆಟ್ಟಿಂಗು ಥ್ರೆಡ್ಡಿನದಲ್ಲ, ಇಡೀ ಪ್ರೋಸೆಸ್ಸಿನದು’ ಎಂದು ಎಚ್ಚರಿಸಿ ಕೈತೊಳೆದುಕೊಂಡಿದೆ. ಗುಂಡಿ ಮುಚ್ಚುವ ಬದಲು ‘ಮುಂದೆ ಗುಂಡಿ ಇದೆ’ ಎಂದು ಬೋರ್ಡು ನೆಟ್ಟಂತೆ. ಬೋರ್ಡು ನೆಟ್ಟ ಮೇಲೆ ಗುಂಡಿಗೆ ಬಿದ್ದವನದೇ ತಪ್ಪು.

ಮದ್ದು ಕಷ್ಟದ್ದೇನಲ್ಲ. ಚೀಲವೋ ಕ್ವಿಂಟಲೋ ಎಂದು ಪ್ರತಿ ಬಿಲ್ಲಿಗೂ ಕೇಳಬೇಕು. ಇಲ್ಲವೇ ಬದಲಿಸಿದವನೇ ಮೊದಲಿದ್ದಂತೆ ಇಟ್ಟು ಹೋಗಬೇಕು. ಆದರೆ ಬದಲಿಸುವುದು ಅಧಿಕಾರ, ಮೊದಲಿನಂತೆ ಇಡುವುದು ಚಾಕರಿ. ಚಾಕರಿಗೆ ಯಾರು ಬರುತ್ತಾರೆ?

ಪರೀಕ್ಷೆ ಮಾಡುವಾಗ ಸಿಕ್ಕುವುದಿಲ್ಲವೇ ಎಂದಿರಾ? ಪರೀಕ್ಷೆಯೆಂದರೆ ಉದ್ಘಾಟನೆ ತಾನೆ. ರಿಬ್ಬನ್ ಕತ್ತರಿಸಿ ಒಂದೇ ಲೋಡು ತೂಗುತ್ತಾರೆ. ಬಿಲ್ಲು ಪೈಸೆ ತಪ್ಪದೆ ಬರುತ್ತದೆ, ಚಪ್ಪಾಳೆ, ಫೋಟೊ. ಈ ಜಾತಿಯ ದೋಷ ಮೊದಲ ಸಲ ಸದ್ದೇ ಮಾಡುವುದಿಲ್ಲ, ಅದರ ಹುಟ್ಟೇ ಎರಡನೇ ಸಲ. ಹೀಗಾಗಿ ನನ್ನದೊಂದು ಸಲಹೆ: ಉದ್ಘಾಟನೆಯ ದಿನ ರೈತನ ಭತ್ತ ಮೊದಲು ತೂಗಲಿ, ಉದ್ಘಾಟಕರದ್ದು ಎರಡನೆಯದು. ಊಟದ ಹೊತ್ತಿಗೆ ಸಾಫ್ಟ್‌ವೇರ್ ಸರಿಹೋಗಿರುತ್ತದೆ.