ಬುಲೆಟ್ ಯಜಮಾನರು ಮತ್ತು ಸವೆದ ಕಾರ್ಬುರೇಟರು

ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳಲ್ಲಿ, ಇನ್ನೂ ಅಪಾರ್ಟ್‌ಮೆಂಟ್ ಆಗದೆ ಉಳಿದಿರುವ ಹಳೆಯ ಮನೆಗಳ ಪೋರ್ಟಿಕೋದಲ್ಲಿ ಕಾಣಸಿಗುವ, ಭಾನುವಾರ ಬೆಳಗಿನ ಕಾಫಿಗೂ ತಿಂಡಿಗೂ ನಡುವಿನ ಅವಧಿಯಲ್ಲಿ ಅತ್ಯಂತ ಚಟುವಟಿಕೆಯಿಂದಿರುವ ಒಂದು ಮನುಷ್ಯವರ್ಗವನ್ನು ‘ಬುಲೆಟ್ ಯಜಮಾನರು’ ಎಂದು ಕರೆಯುವುದು ಯುಕ್ತ. ಬ್ಯಾಂಕಿನಿಂದಲೋ ಸಾರ್ವಜನಿಕ ರಂಗದ ಕಾರ್ಖಾನೆಯಿಂದಲೋ ನಿವೃತ್ತರಾದ, ಬನಿಯನ್ನಿನ ಮೇಲೆ ಹಳೆಯ ಶರ್ಟನ್ನು ಗುಂಡಿ ಹಾಕದೆ ತೊಟ್ಟ, ಕೈಯಲ್ಲಿ ಸದಾ ಒಂದು ಸ್ಕ್ರೂಡ್ರೈವರ್ ಇರುವ ಈ ಮಹನೀಯರನ್ನು ಬುಲೆಟ್ ಓಡಿಸುವವರೊಂದಿಗೆ ಸೇರಿಸಿ ಎಣಿಸುವುದು ತಪ್ಪು. ಏಕೆಂದರೆ ಓಡಿಸುವವರು ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಲ್ಲಿದ್ದು ನಸುಕಿನಲ್ಲೇ ನಂದಿಬೆಟ್ಟಕ್ಕೆ ಹೊರಟುಬಿಡುತ್ತಾರೆ, ಯಜಮಾನರಾದರೋ ಒಂಬತ್ತನೆಯ ಬ್ಲಾಕಿನಿಂದ ನಾಲ್ಕನೆಯ ಬ್ಲಾಕಿಗೆ ಹೋಗಿ, ದಾರಿಯುದ್ದಕ್ಕೂ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಮರಳಿ ಬಂದು, ಕೇಳಿದ್ದನ್ನೆಲ್ಲ ಬಿಚ್ಚಿ ನೋಡುತ್ತಾರೆ.

ಇವರ ಆರಾಧ್ಯವಸ್ತು ಹುಟ್ಟಿನಿಂದ ಆಂಗ್ಲ, ಬೆಳವಣಿಗೆಯಿಂದ ಮದ್ರಾಸಿನದು. ಇಂಗ್ಲೆಂಡಿನ ರೆಡಿಚ್ ಎಂಬ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿಯ ಬುಲೆಟ್ಟನ್ನು ಭಾರತೀಯ ಸೇನೆಯು ಗಡಿ ಕಾಯಲು ಕೊಂಡ ಮೇಲೆ, 1955ರಲ್ಲಿ ಮದ್ರಾಸ್ ಮೋಟಾರ್ಸ್ ಸಹಯೋಗದಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ, ತಿರುವೊತ್ತಿಯೂರಿನಲ್ಲಿ ಗಾಡಿಗಳು ತಯಾರಾಗತೊಡಗಿದವು. ತವರಿನ ಕಾರ್ಖಾನೆ ಬಾಗಿಲು ಮುಚ್ಚಿದ ನಂತರವೂ ಇಲ್ಲಿನದು ನಡೆದೇ ಇತ್ತು. ರೆಡಿಚ್ಚಿನ ಬುಲೆಟ್ಟುಗಳಿಗೆ ಬರ್ಮಿಂಗ್‌ಹ್ಯಾಮಿನ ಅಮಾಲ್ ಕಂಪನಿಯ ಕಾರ್ಬುರೇಟರು ಇರುತ್ತಿತ್ತು, ಮುಂದೆ ಇಲ್ಲಿನ ಗಾಡಿಗಳಿಗೆ ಜಪಾನಿನ ಮಿಕುನಿ ಮಾದರಿಯ ಮಿಕ್‌ಕಾರ್ಬ್ ಬಂತು. ಯಜಮಾನರ ಗಾಡಿಯಲ್ಲಿರುವುದು ಮಿಕ್‌ಕಾರ್ಬೇ ಆದರೂ ಅವರ ಮಾತಿನಲ್ಲಿರುವುದು ಅಮಾಲ್ ಎಂಬುದು ಈ ವರ್ಗದ ಖಚಿತ ಲಕ್ಷಣಗಳಲ್ಲಿ ಒಂದು.

ಕಾರ್ಬುರೇಟರೆಂದರೆ ಪೆಟ್ರೋಲು ಮತ್ತು ಗಾಳಿಯನ್ನು ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಸಾಧನ. ಒಂದು ಭಾಗ ಪೆಟ್ರೋಲು ಪೂರ್ತಿ ಉರಿಯಬೇಕಾದರೆ ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಆಕ್ಸಿಲರೇಟರ್ ತಿರುವಿದಾಗ ಕಾರ್ಬುರೇಟರಿನೊಳಗಿನ ಸ್ಲೈಡ್ ಎಂಬ ಕೊಳವೆಯಾಕಾರದ ಬಾಗಿಲು ಮೇಲೇರುತ್ತದೆ, ಅದಕ್ಕೆ ಸಿಕ್ಕಿಸಿದ ಸೂಜಿ ಹಿತ್ತಾಳೆಯ ಜೆಟ್ಟಿನ ರಂಧ್ರದಿಂದ ಮೇಲೆದ್ದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಸ್ಲೈಡೂ ಅದು ಜಾರುವ ಗೋಡೆಯೂ ಮೆತ್ತನೆಯ ಸತುವಿನ ಮಿಶ್ರಲೋಹದವಾದ್ದರಿಂದ, ದಶಕಗಟ್ಟಲೆ ಒಂದನ್ನೊಂದು ತಿಕ್ಕಿ ಎರಡೂ ಸವೆದು, ನಡುವಿನ ಸಂದಿನಲ್ಲಿ ಕರೆಯದ ಗಾಳಿ ನುಗ್ಗುತ್ತದೆ. ಇತ್ತ ಸೂಜಿ ಅಲುಗಾಡಿ ಅಲುಗಾಡಿ ಜೆಟ್ಟಿನ ದುಂಡನೆಯ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿ ಹೆಚ್ಚು ಪೆಟ್ರೋಲು ಹರಿಯುತ್ತದೆ. ಹೀಗಾಗಿ ಅದೇ ಗಾಡಿಗೆ ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಏಕಾದಶಿ, ಕನಕಪುರ ರಸ್ತೆಯಲ್ಲಿ ಸಮಾರಾಧನೆ. ನಿಂತಲ್ಲಿ ಆರಿಹೋಗುತ್ತದೆ, ಹೊರಟಲ್ಲಿ ಕಪ್ಪು ಹೊಗೆ ಬಿಡುತ್ತದೆ.

ಸಾಮಾನ್ಯ ಮನುಷ್ಯನಿಗೆ ಇದು ತೊಂದರೆ, ಯಜಮಾನರಿಗೆ ಇದು ಅಧ್ಯಯನ ಕ್ಷೇತ್ರ. ಏರ್ ಸ್ಕ್ರೂವನ್ನು ಕಾಲು ಸುತ್ತು ಬಿಚ್ಚಿ, ಮತ್ತೆ ಅರೆಕಾಲು ಸುತ್ತು ಮುಚ್ಚಿ, ಸೂಜಿಯ ಐದು ಗೆರೆಗಳಲ್ಲಿ ಕ್ಲಿಪ್ಪನ್ನು ಮೂರರಿಂದ ಎರಡಕ್ಕೂ ಎರಡರಿಂದ ಮೂರಕ್ಕೂ ಸ್ಥಳಾಂತರಿಸಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿ ಮಸಿಗಪ್ಪೋ ಬಿಳಿಚಿದೆಯೋ ಅಥವಾ ಶಾಸ್ತ್ರೋಕ್ತವಾದ ಕಂದು ಬಣ್ಣದಲ್ಲಿದೆಯೋ ಎಂದು ಬಿಸಿಲಿಗೆ ಹಿಡಿದು ನೋಡಿ, ಫಲಿತಾಂಶವನ್ನು ಹಳೆಯ ಡೈರಿಯೊಂದರಲ್ಲಿ ಬರೆದಿಡುತ್ತಾರೆ. ಜೆಟ್ಟುಗಳನ್ನು ಪೆಟ್ರೋಲಿನಲ್ಲಿ ನೆನೆಹಾಕಲು ಅಡುಗೆಮನೆಯಿಂದ ಬಂದ ಬಟ್ಟಲು ಮತ್ತೆ ಒಳಗೆ ಹೋಗುವಂತಿಲ್ಲ. “ರೀ, ಅದನ್ನ ಅಲ್ಲೇ ಇಟ್ಕೊಳ್ಳಿ” ಎಂಬ ಆಜ್ಞೆ ಮನೆಯೊಳಗಿನಿಂದ ಬಂದಾಗಿದೆ, ಮತ್ತು ಹಾಗೆ ಅಲ್ಲೇ ಇಟ್ಟುಕೊಂಡ ಬಟ್ಟಲುಗಳ ಸಾಲಿನಿಂದಲೇ ಒಂದು ಮನೆಯಲ್ಲಿ ಈ ಅಧ್ಯಯನ ಎಷ್ಟು ಹಳೆಯದೆಂದು ಊಹಿಸಬಹುದು. ದಾರಿಹೋಕರು ಗೇಟಿನ ಬಳಿ ನಿಂತು “ಏನ್ಸಾರ್, ಮಿಸ್ಸಿಂಗಾ?” ಎಂದು ಕೇಳುವುದು, ಯಜಮಾನರು ತಲೆಯೆತ್ತದೆ “ಮಿಸ್ಸಿಂಗ್ ಅಲ್ಲ, ಹಂಟಿಂಗು” ಎಂದು ತಿದ್ದಿ, ಎರಡಕ್ಕೂ ಇರುವ ಭೇದವನ್ನು ಕೇಳಿದವನ ಕಾಲು ನೋಯುವವರೆಗೆ ವಿವರಿಸುವುದು ಈ ಕ್ಷೇತ್ರದ ಉಪನ್ಯಾಸ ವಿಭಾಗ. ಟ್ರಯಂಫ್ ಬಾನ್ವಿಲ್‌ನಂಥ ಇಂಗ್ಲಿಷ್ ಗಾಡಿಗೆ ಎರಡು ಕಾರ್ಬುರೇಟರುಗಳಿದ್ದು ಅವೆರಡನ್ನೂ ಒಂದೇ ತಾಳಕ್ಕೆ ಹೊಂದಿಸಬೇಕಾಗುತ್ತದೆಂಬುದನ್ನು ಯಜಮಾನರು ಹೇಳುವಾಗ ಅವರ ದನಿಯಲ್ಲಿ ಮರುಕಕ್ಕಿಂತ ಅಸೂಯೆಯೇ ಹೆಚ್ಚು.

ಹೊಸದನ್ನೇ ಹಾಕಿದರೆ ಆಯಿತಲ್ಲ ಎಂಬ ಸಲಹೆಯನ್ನು ಮೊದಲು ಕೊಡುವವನು ಸಾರಕ್ಕಿಯ ಮೆಕ್ಯಾನಿಕ್ಕು. ಸ್ಲೈಡನ್ನು ಬೆರಳಲ್ಲಿ ಅಲ್ಲಾಡಿಸಿ ಲೊಟಲೊಟ ಸದ್ದು ಕೇಳಿಸಿ, “ಬಾಡಿನೇ ಸವೆದೋಗಿದೆ ಸಾರ್, ಸ್ಕ್ರೂ ತಿರುಗಿಸಿ ಏನ್ ಪ್ರಯೋಜನ?” ಎನ್ನುತ್ತಾನೆ. ಅವನ ರೋಗನಿರ್ಣಯ ನೂರಕ್ಕೆ ನೂರು ಸರಿ. ಆದರೆ ಯಜಮಾನರ ಉತ್ತರವೂ ಸಿದ್ಧವಿರುತ್ತದೆ: “ಬದಲಾಯಿಸೋದು ಯಾರು ಬೇಕಾದ್ರೂ ಮಾಡ್ತಾರಪ್ಪ, ಸರಿ ಮಾಡಬೇಕು.” ಹಣದ ಜಿಪುಣತನ ಇದಕ್ಕೆ ಕಾರಣವೆಂದು ಮನೆಯವರು ಭಾವಿಸುವುದು ಅನ್ಯಾಯ, ಸ್ಲೈಡಿಗೆ ಹಿತ್ತಾಳೆಯ ತೋಳು ತೊಡಿಸಲೆಂದು ಲೇತಿನವನಿಗೆ, ಜೆಟ್ಟು ವಾಷರುಗಳಿಗೆಂದು ಜೆ.ಸಿ. ರಸ್ತೆಯ ಅಂಗಡಿಗಳಿಗೆ ಅವರು ತೆತ್ತ ಮೊತ್ತದಲ್ಲಿ ಹೊಸ ಕಾರ್ಬುರೇಟರು ಎಂದೋ ಬರಬಹುದಿತ್ತು. ಗಾಡಿ ಗುಣವಾದರೆ ವೈದ್ಯರು ನಿರುದ್ಯೋಗಿಯಾಗುತ್ತಾರೆಂಬುದೇ ನಿಜವಾದ ಕಾರಣ.

ಆದರೂ ಬದಲಿಸುವ ದಿನ ಬರುತ್ತದೆ, ಸಾಮಾನ್ಯವಾಗಿ ಮಗಳು ಊರಿಗೆ ಬಂದಾಗ. ಜೆ.ಸಿ. ರಸ್ತೆಯಲ್ಲಿ ಒರಿಜಿನಲ್ ಮತ್ತು ಡೂಪ್ಲಿಕೇಟ್‌ಗಳ ಮೇಲೆ ಅರ್ಧ ದಿನ ವಾದ ನಡೆದು, ಡಬ್ಬಿ ಮನೆಗೆ ಬಂದು, ಎಂಜಿನ್ನಿಗೂ ಕಾರ್ಬುರೇಟರಿಗೂ ನಡುವಿನ ಹೊಸ ಗ್ಯಾಸ್ಕೆಟ್ಟು ಕೂತು, ಎರಡು ನಟ್ಟುಗಳನ್ನು ಒಂದೇ ಸಮ ಬಿಗಿದು, ಏರ್ ಸ್ಕ್ರೂವನ್ನು ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿದರೆ ಕೆಲಸ ಮುಗಿಯಿತು. ಡಿಕಂಪ್ರೆಸರ್ ಒತ್ತಿ, ಆಮ್ಮೀಟರಿನ ಮುಳ್ಳು ನೋಡಿ, ಒಂದೇ ಕಿಕ್ಕಿಗೆ ಗಾಡಿ ಹೊರಟು, ಡುಗ್ಗು ಡುಗ್ಗೆಂದು ಒಂದೇ ಲಯದಲ್ಲಿ ನಿಂತಿತು. ಮನೆಮಂದಿ ಚಪ್ಪಾಳೆ ತಟ್ಟಿದರು. ಯಜಮಾನರು ಮಾತ್ರ ಮಂಕಾದರು. ಮುಂದಿನ ಭಾನುವಾರ ಗೇಟಿನ ಬಳಿ ನಿಂತವರು “ಗಾಡಿ ಹೇಗಿದೆ ಸಾರ್?” ಎಂದರೆ “ಚೆನ್ನಾಗಿದೆ” ಎನ್ನಬೇಕಾಯಿತು, ಅಲ್ಲಿಗೆ ಮಾತು ಮುಗಿಯಿತು.

ಇಂಥ ವಿಷಮ ಪರಿಸ್ಥಿತಿಯಲ್ಲಿ ಈ ವರ್ಗವನ್ನು ಕಾಪಾಡಿದ್ದು ಸರ್ಕಾರವೇ ಎಂಬುದು ಇತಿಹಾಸದ ವಿಚಿತ್ರ. 2020ರ ಬಿ.ಎಸ್.-6 ನಿಯಮದಿಂದ ಹೊಸ ಬುಲೆಟ್ಟುಗಳಲ್ಲಿ ಕಾರ್ಬುರೇಟರೇ ಇಲ್ಲವಾಗಿ, ಪೆಟ್ರೋಲನ್ನು ಎಲೆಕ್ಟ್ರಾನಿಕ್ ಯಂತ್ರವೇ ಅಳೆದು ಚಿಮ್ಮಿಸತೊಡಗಿದ್ದರಿಂದ ಆದ ಗಾಯವನ್ನು, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಇ-20 ಪೆಟ್ರೋಲು ಮಾಯಿಸಿತು. ಎಥನಾಲಿನಲ್ಲೇ ಆಮ್ಲಜನಕವಿರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಹಳೆಯ ರಬ್ಬರ್ ಭಾಗಗಳು ಉಬ್ಬುವ ಭಯವೂ ಇದೆ. ಹೀಗೆ ಹೊಸ ಕಾರ್ಬುರೇಟರನ್ನೂ ಬಿಚ್ಚಲು ನ್ಯಾಯಸಮ್ಮತವಾದ ಕಾರಣ ದೊರೆತು ಬಟ್ಟಲುಗಳು ಮತ್ತೆ ಸಾಲಾಗಿ ಕುಳಿತಿವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಯಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೇಗೂ ಹೆಚ್ಚಾಗುತ್ತದೆಂದು ಯಜಮಾನರಿಂದಲೇ ಕಲಿತಿದ್ದ ಮೆಕ್ಯಾನಿಕ್ಕು, “ಊರಿನ ಗಾಳಿ ಜಾಸ್ತಿ ಮಾಡುತ್ತೆ, ಈ ಪೆಟ್ರೋಲು ಕಮ್ಮಿ ಮಾಡುತ್ತೆ, ಅಲ್ಲಿಗಲ್ಲಿಗೆ ಸರಿಹೋಯ್ತಲ್ಲ ಸಾರ್” ಎಂದು ಸಮಾಧಾನ ಹೇಳಿದ. ಯಜಮಾನರು ಡೈರಿಯ ಹೊಸ ಪುಟ ತೆರೆದು ಕೇಳಿದರು: “ಸರಿಹೋಯ್ತು ಅಂದ್ರೆ, ಎಷ್ಟು ಸರಿಹೋಯ್ತು?”