ನಿಮ್ಮ ಹಕ್ಕು: ಬಳಸುವ ಮುನ್ನ ಓದಿರಿ

ಮಿಕ್ಸರ್ ಕೊಂಡರೆ ಜೊತೆಗೊಂದು ಪುಸ್ತಿಕೆ ಬರುತ್ತದೆ. ಯಾರೂ ಓದುವುದಿಲ್ಲ, ಆದರೂ ಬರುತ್ತದೆ. ಡ್ರೈವಿಂಗ್ ಲೈಸನ್ಸ್ ಕೊಂಡವರಿಗೆ (ತಪ್ಪಾಯಿತು, ಪಡೆದವರಿಗೆ) ಅದೂ ಸಿಗುವುದಿಲ್ಲ. ಆ ಕೊರತೆ ನೀಗಲೆಂದು ಈ ಕೈಪಿಡಿ.

ಇದು ಸಂಕೇಶ್ವರದಿಂದ ಗಾಡಿ ಹೊಡೆಯುವವರಿಗಾಗಿ ತಯಾರಾದ ಮಾದರಿ. ನಮ್ಮೂರಿನ ಡ್ರೈವರ್ ಬೆಳಗಾವಿ ಕಡೆ ಹೊರಳಿದರೆ ಹತ್ತರಗಿ ಟೋಲ್, ಕೊಲ್ಹಾಪುರದ ಕಡೆ ಹೊರಳಿದರೆ ನಿಪ್ಪಾಣಿ ದಾಟಿ ಕೊಗನೊಳಿ. ಗಡಹಿಂಗ್ಲಜ, ಆಜರಾ ಹಾದು ಅಂಬೋಲಿ ಘಾಟು ಇಳಿದರೆ ಗೋವಾ ದಾರಿ. ಒಂದೇ ರಾತ್ರಿಯಲ್ಲಿ ಮೂರು ರಾಜ್ಯಗಳ ಖಾಕಿಗೆ ಸಲಾಮು ಹೊಡೆಯುವ ಭಾಗ್ಯ ಎಲ್ಲ ಊರಿನವರಿಗೂ ಇರುವುದಿಲ್ಲ. ಗೋವಾದಿಂದ ಸೀಟಿನಡಿ ಬಾಟಲಿ ತರುವವರಿಗೆ ಈ ಕೈಪಿಡಿ ಅನ್ವಯಿಸದು. ಅವರದು ಅಬಕಾರಿ ಕಾಯ್ದೆ, ಬೇರೆ ಪುಸ್ತಕ.

ಚಾಲೂ ಮಾಡುವ ವಿಧಾನ

ರಾತ್ರಿ ಎರಡು ಗಂಟೆ. ಬ್ಯಾಟರಿ ಬೆಳಕು ಕಣ್ಣಿಗೆ ಬೀಳುತ್ತದೆ. “ಏ, ಗಾಡಿ ಬಾಜೂಕ ಹಚ್ಚು.” ಹಚ್ಚಿರಿ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸನ್ಸ್ ತೋರಿಸುವುದು ಮೋಟಾರು ವಾಹನ ಕಾಯ್ದೆಯ 130ನೆಯ ಸೆಕ್ಷನ್ ಪ್ರಕಾರ ನಿಮ್ಮ ಕರ್ತವ್ಯ. ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ, ಮೊಬೈಲಿನಲ್ಲಿ ಚಾರ್ಜ್ ಇದ್ದರೆ. ಮೂಲ ಕಾಗದ ಇಟ್ಟುಕೊಂಡರೆ ಅದಕ್ಕೊಂದು ಚೀಟಿ, ದಂಡ ಕಟ್ಟಿದರೆ ರಶೀದಿ ಕೇಳಿ. ಕೇಳುವಾಗ “ಸಾಹೇಬ್ರ” ಎಂಬ ಎಣ್ಣೆ ಹಚ್ಚಿದರೆ ಯಂತ್ರ ಸಪ್ಪಳ ಮಾಡುವುದಿಲ್ಲ.

ಮುಂದಿನ ಮಾತು: “ಡಿಕ್ಕಿ ತಗಿ.” ಇಲ್ಲಿಂದ ಕಾಯ್ದೆ ಬದಲಾಗುತ್ತದೆ. ಗಾಂಜಾದ ಅನುಮಾನವಿದ್ದರೆ 1985ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್, ಬಂತು. ಸಂಕೇಶ್ವರದ ಮೆಣಸಿನಕಾಯಿ ಹೇರಿದ ಗಾಡಿಯಾದರೆ ಚೀಲಕ್ಕೆ ಕಬ್ಬಿಣದ ಸರಳು ಚುಚ್ಚುತ್ತಾರೆ. ಆಮೇಲಿನ ಐದು ನಿಮಿಷ ಪೊಲೀಸರು, ಡ್ರೈವರ್, ಪಂಚನಾಗಿ ಬಂದ ಚಹಾದಂಗಡಿಯವನು ಎಲ್ಲರೂ ಸಮಾನರಾಗಿ ಸೀನುತ್ತಾರೆ. ಸಂವಿಧಾನದ 14ನೆಯ ವಿಧಿಯನ್ನು ಇಷ್ಟು ಚೊಕ್ಕಾಗಿ ಜಾರಿ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಿಡಿಭಾಗ: ಎನ್‌ಡಿಪಿಎಸ್ ಸೆಕ್ಷನ್ 50

ಈ ಹಕ್ಕಿನ ಅತ್ಯಂತ ಹೊಳಪಿನ ಭಾಗ ಇದೇ, ಹಾಗಾಗಿ ಬಹಳ ಮಂದಿ ಇದನ್ನೇ ತಪ್ಪಾಗಿ ಜೋಡಿಸುತ್ತಾರೆ. ನಿಮ್ಮ ಮೈ ಶೋಧಿಸುವ ಮುನ್ನ, “ಹತ್ತಿರದ ಪತ್ರಾಂಕಿತ ಅಧಿಕಾರಿಯ ಇಲ್ಲವೇ ಮ್ಯಾಜಿಸ್ಟ್ರೇಟರ ಎದುರೇ ಶೋಧನೆ ಆಗಲಿ ಎಂದು ಕೇಳುವ ಹಕ್ಕು ನಿಮಗಿದೆ” ಎಂದು ಪೊಲೀಸರು ನಿಮಗೆ ತಿಳಿಸಲೇಬೇಕು. 2010ರಲ್ಲಿ ವಿಜಯಸಿಂಹ ಜಡೇಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಕಡ್ಡಾಯವೆಂದಿತು. ಹೆಂಗಸರ ಮೈಯನ್ನು ಹೆಂಗಸರೇ ಶೋಧಿಸಬೇಕು.

ಆದರೆ ಮೈ ಎಂದರೆ ಮೈ. ಕೈಯಲ್ಲಿರುವ ಚೀಲ ಮೈಯಲ್ಲ, ಸೀಟು ಮೈಯಲ್ಲ, ಡಿಕ್ಕಿಯಂತೂ ಅಲ್ಲವೇ ಅಲ್ಲ. 2005ರಲ್ಲಿ ಪವನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದನ್ನು ಹೇಳಿತ್ತು. ಮೈ, ಚೀಲ ಎರಡನ್ನೂ ಶೋಧಿಸಿ, ಮಾಲು ಚೀಲದಲ್ಲಷ್ಟೇ ಸಿಕ್ಕರೂ ಸೆಕ್ಷನ್ 50 ನೆರವಿಗೆ ಬಾರದು ಎಂದು 2023ರಲ್ಲಿ ಮತ್ತೊಮ್ಮೆ ಹೇಳಿತು. ಅಂಗಿಯ ಕಿಸೆಗೆ ತಹಶೀಲ್ದಾರರು ಬೇಕು, ಅದೇ ಅಂಗಿಯನ್ನು ಬಿಚ್ಚಿ ಚೀಲಕ್ಕೆ ತುರುಕಿದರೆ ಬೇಡ. ತಯಾರಕರ ದೋಷ ಎನ್ನಿ, ವಾರಂಟಿ ಇಲ್ಲ.

ಗಾಡಿಗೆ ಬೇರೆ ಭಾಗವಿದೆ, ಸೆಕ್ಷನ್ 42. ಸುಳಿವು ಸಿಕ್ಕಿ ಖಾಸಗಿ ಗಾಡಿ ಶೋಧಿಸುವುದಾದರೆ ಆ ಸುಳಿವನ್ನು ಮೊದಲೇ ಬರೆದಿಡಬೇಕು, ಹೊತ್ತು ಮುಳುಗಿದ ಮೇಲೆ ವಾರಂಟ್ ಇಲ್ಲದೆ ಶೋಧಿಸಲು ಕಾರಣವನ್ನೂ ಬರೆಯಬೇಕು, 72 ತಾಸಿನೊಳಗೆ ಅದರ ಪ್ರತಿ ಮೇಲಧಿಕಾರಿಗೆ ಮುಟ್ಟಬೇಕು. ಹರಿಯಾಣದಲ್ಲಿ ಜೀಪಿನೊಳಗೆ ಮಾಲು ಸಿಕ್ಕಿದ್ದ ಬೂಟಾ ಸಿಂಗ್ ಪ್ರಕರಣ 2021ರಲ್ಲಿ ಬಿದ್ದದ್ದು ಈ ಬರೆಯದ ಕಾಗದದಿಂದಲೇ: ಜೀಪು ನಿಂತದ್ದು ದಾರಿಯಲ್ಲಾದರೂ ಜೀಪು ಖಾಸಗಿ, ಆದ್ದರಿಂದ 42 ಪಾಲಿಸಲೇಬೇಕಿತ್ತು ಎಂದಿತು ಕೋರ್ಟು.

ಎಚ್ಚರಿಕೆ: ಮೇಲಿನ ಸೆಕ್ಷನ್‌ಗಳನ್ನು ರಾತ್ರಿ ಎರಡಕ್ಕೆ ಬಾಯಿಪಾಠ ಒಪ್ಪಿಸಬೇಡಿ. ಉತ್ತರ ಗೊತ್ತಿರುವುದೇ: “ವಕೀಲ ಆಗೀಯೇನ್ಲೇ? ಇಳಿ ಕೆಳಗ.” ಈ ಯಂತ್ರ ರಸ್ತೆಯಲ್ಲಿ ಓಡುವುದಿಲ್ಲ, ಕೋರ್ಟಿನಲ್ಲಿ ಓಡುತ್ತದೆ, ಅದೂ ತಿಂಗಳುಗಟ್ಟಲೆ ತಡವಾಗಿ. ರಸ್ತೆಯಲ್ಲಿ ನೀವು ಮಾಡಬೇಕಾದದ್ದು ಇಂಧನ ತುಂಬುವ ಕೆಲಸ: ಎಷ್ಟು ಗಂಟೆಗೆ ನಿಲ್ಲಿಸಿದರು, ಯಾವುದನ್ನು ಮೊದಲು ತೆರೆದರು, ಪಂಚರು ಯಾವಾಗ ಬಂದರು, ವಿಡಿಯೋ ಯಾರು ಹಿಡಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಸೆಕ್ಷನ್ ಶೋಧನೆ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕೆನ್ನುತ್ತದೆ. ಇದೆಲ್ಲ ತಲೆಯಲ್ಲಿರಲಿ, ಬಾಯಲ್ಲಿ “ಹೌದ್ರೀ ಸಾಹೇಬ್ರ” ಸಾಕು. ತಪ್ಪೊಪ್ಪಿಗೆಯ ಹೇಳಿಕೆ ಬರೆಸಿಕೊಂಡರೂ ಎದೆ ಒಡೆದುಕೊಳ್ಳಬೇಡಿ. ಎನ್‌ಡಿಪಿಎಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು 2020ರಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ.

ತೂಕ

ಕಾಯ್ದೆಯ ಜೀವ ತಕ್ಕಡಿಯಲ್ಲಿದೆ. ಗಾಂಜಾ 1 ಕಿಲೋದವರೆಗೆ ಸಣ್ಣ ಪ್ರಮಾಣ: ಒಂದು ವರ್ಷದವರೆಗೆ ಕಠಿಣ ಶಿಕ್ಷೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಜಾಮೀನಿಗೆ 37ನೆಯ ಸೆಕ್ಷನ್ನಿನ ಬೀಗ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವಿನ, ಕಾಯಿಯ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ಆದ್ದರಿಂದ ಯಾವುದನ್ನು ತಕ್ಕಡಿಗೆ ಹಾಕಿದರು, ಚೀಲದ ತೂಕ (ಸೂಟ್) ಕಳೆದರೋ ಇಲ್ಲವೋ ಎಂಬುದು ಮುಖ್ಯ. ಎಪಿಎಂಸಿಯಲ್ಲಿ ದಲಾಲರು ಸೂಟ್ ಕಳೆದರೆ ಜಗಳ ತೆಗೆಯುತ್ತೇವಲ್ಲ, ಇಲ್ಲಿ ಸೂಟ್ ಕಳೆಯದಿದ್ದರೆ ವಕೀಲರಿಗೆ ಹೇಳಿ. 2022ರಲ್ಲಿ ಕರ್ನಾಟಕ ಹೈಕೋರ್ಟ್, ಭಂಗಿ ಈ ಕಾಯ್ದೆಯಡಿ ಬರುವುದಿಲ್ಲವೆಂದು ಒಬ್ಬರಿಗೆ ಜಾಮೀನು ಕೊಟ್ಟಿತು. ಅದನ್ನು ನಂಬಿ ಯಾರೂ ಭಂಗಿ ಹೇರಿಕೊಂಡು ಹೊರಡಬೇಡಿ. ಅದು ಜಾಮೀನು ಆದೇಶ, ಪರವಾನಗಿಯಲ್ಲ. ಸೇದುವ ಚಟ ಬಿಡಲು ತಾನಾಗಿಯೇ ಚಿಕಿತ್ಸೆಗೆ ಬಂದವನಿಗೆ ಸೆಕ್ಷನ್ 64ಎ ಒಂದು ಬಾಗಿಲು ತೆರೆದಿಟ್ಟಿದೆ.

ಇನ್ನು ನಮ್ಮ ಭಾಗದ ವಿಶೇಷ ದೋಷ. “ಅಣ್ಣಾ, ಇದೊಂದು ಗಂಟು ಕೊಲ್ಹಾಪುರಕ್ಕ ಮುಟ್ಟಸ್ರಿ, ನಮ್ಮ ಅಳಿಯಾ ಬಂದು ತಗೋತಾನ.” ನಾವು ಒಲ್ಲೆ ಎನ್ನುವ ಜಾತಿಯಲ್ಲ. ಒಂದು ರೊಟ್ಟಿ ಗಂಟು, ಒಂದು ಶೇಂಗಾ ಹಿಂಡಿ ಡಬ್ಬಿ ಒಯ್ಯಲು ಪಾವತಿ ಯಾರು ಕೇಳುತ್ತಾರೆ? ಆದರೆ ಮಾಲು ಗಾಡಿಯಲ್ಲಿ ಸಿಕ್ಕರೆ ಅದು ನನ್ನದಲ್ಲ, ನನಗೆ ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಭಾರ ಬಹುಮಟ್ಟಿಗೆ ನಿಮ್ಮ ತಲೆಗೇ ಬರುತ್ತದೆ, ಸಾಮಾನ್ಯ ಅಪರಾಧಗಳ ಹಾಗಲ್ಲ. ಗಂಟು ಬಿಚ್ಚಿ ನೋಡಿರಿ. ರೊಟ್ಟಿ ಕೊಟ್ಟವರು ಸಿಟ್ಟಾಗುವುದಿಲ್ಲ.

ಭಾಷೆಯ ಸ್ವಿಚ್ಚು

ಕೊಗನೊಳಿಯಾಚೆ ಕಾಗಲದಲ್ಲಿ ಹಿಡಿದರೆ ಪಂಚನಾಮೆ ಮರಾಠಿಯಲ್ಲಿರುತ್ತದೆ. ಮರಾಠಿ ಮಾತು ನಮಗೆ ಬರುತ್ತದೆ, ಮೋಡಿ ಕೈಬರಹದಂತಿರುವ ಪೊಲೀಸ್ ಬರಹ ಬರುವುದಿಲ್ಲ. ತಿಳಿಯದ್ದಕ್ಕೆ “ಓದಿ ಹೇಳ್ರಿ” ಎನ್ನಿ. ಸಹಿ ಮಾಡಲೇಬೇಕಾಗಿ ಬಂದರೆ ಕನ್ನಡದಲ್ಲೇ ಮಾಡಿ, ದಿನಾಂಕ, ವೇಳೆ ಹಾಕಿ. ಖಾಲಿ ಹಾಳೆಗೆ ಮಾತ್ರ ಬೇಡ. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ಹೋದದ್ದೂ ಮಹಾರಾಷ್ಟ್ರದಿಂದಲೇ. ಮನೆಯವರಿಗೆ ಸುದ್ದಿ ಮುಟ್ಟಬೇಕು, 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ವಕೀಲರಿಗೆ ರೊಕ್ಕ ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿಸಿ. ಕಸ್ಟಡಿಯಲ್ಲಿರುವ ಎಲ್ಲರಿಗೂ ಉಚಿತ ಕಾನೂನು ನೆರವು ಸಿಗುತ್ತದೆ.

ಕಡೆಯದಾಗಿ ಗಾಡಿ. ನೀವು ಜಾಮೀನಿನ ಮೇಲೆ ಬರುತ್ತೀರಿ, ಗಾಡಿ ಠಾಣೆಯ ಅಂಗಳದಲ್ಲಿ ಉಳಿಯುತ್ತದೆ. ಇಂಥ ಗಾಡಿಯನ್ನೂ ಪ್ರಕರಣ ಮುಗಿಯುವ ಮುನ್ನವೇ ಮಧ್ಯಂತರವಾಗಿ ಬಿಡಬಹುದೆಂದು 2025ರ ಜನವರಿಯಲ್ಲಿ ಅಸ್ಸಾಂನ ಲಾರಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅರ್ಜಿ ಹಾಕಿಸಿ. ಬಿಡಿಸಿಕೊಳ್ಳಲು ಹೋಗುವ ದಿನ ಆದೇಶದ ಪ್ರತಿಯ ಜೊತೆ ಗಾಳಿ ಪಂಪು, ಪಾನಾ, ಚಾರ್ಜ್ ಇರುವ ಇನ್ನೊಂದು ಬ್ಯಾಟರಿ ಒಯ್ಯಿರಿ. ಸ್ಟೆಪ್ನಿ ಇದೆಯೇ ಎಂದು ಮೊದಲು ನೋಡಿರಿ, ಸಹಿ ಆಮೇಲೆ.